ಹಸ್ತಪ್ರತಿಯಲ್ಲಿ ಇಲ್ಲದ ಶ್ರುತಿ

ಪ್ರಶ್ನೆ: ಹನ್ನೆರಡನೇ ಶತಮಾನದ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ ಅವರ ಒಂದೇ ಹಾಡನ್ನು ಎರಡು ಧ್ವನಿಮುದ್ರಣಗಳಲ್ಲಿ ಕೇಳಿದೆ. ಒಂದರಲ್ಲಿ ಹಾಡಿನುದ್ದಕ್ಕೂ ತಂಬೂರಿಯಂಥ ನಾದವಿದೆ. ಇನ್ನೊಂದು ಬರೀ ಕಂಠ, ನಡೆಯೂ ಬಹಳ ನಿಧಾನ. ಎರಡಕ್ಕೂ ಹಳೆಯ ಹಸ್ತಪ್ರತಿಯೇ ಆಧಾರವಂತೆ. ಯಾವುದು ಸರಿ?

ಉತ್ತರ: ಆ ನಾದ ಹಸ್ತಪ್ರತಿಯಲ್ಲಿ ಇಲ್ಲ. ಅಲ್ಲಿರುವುದು ಲ್ಯಾಟಿನ್ ಸಾಹಿತ್ಯ, ಅದರ ಮೇಲೆ ಒಂದೇ ಒಂದು ಧಾಟಿಯ ಸ್ವರಲಿಪಿ. ಶ್ರುತಿ ಹಿಡಿದು ಹಾಡಿಸಿದ ಪ್ರಸಿದ್ಧ ಮುದ್ರಣವೆಂದರೆ ಕ್ರಿಸ್ಟೋಫರ್ ಪೇಜ್ ನಿರ್ದೇಶನದಲ್ಲಿ ಗಾಥಿಕ್ ವಾಯ್ಸಸ್ ತಂಡ ಹಾಡಿ, ಹೈಪೀರಿಯನ್ ಕಂಪನಿ 1982ರಲ್ಲಿ ಹೊರತಂದದ್ದು. ಎಮ್ಮಾ ಕರ್ಕ್‌ಬಿ ಅದರಲ್ಲಿ ಹಾಡಿದ್ದಾರೆ. ಶ್ರುತಿಗೆ ಬಳಸಿದ ವಾದ್ಯಗಳಲ್ಲಿ ಸಿಂಫನಿಯೂ ಒಂದು. ಹಿಡಿ ತಿರುಗಿಸಿದರೆ ಒಳಗಿನ ಚಕ್ರ ತಂತಿಗಳನ್ನು ಉಜ್ಜಿ ಎಡೆಬಿಡದೆ ನಾದ ಹೊರಡಿಸುವ ಹಳೆಯ ವಾದ್ಯ ಅದು. ಅದನ್ನು ಸೇರಿಸಿದ್ದು ಈ ಕಾಲದವರ ತೀರ್ಮಾನ. ನನಗೆ ಅದು ಇಷ್ಟ. ಧಾಟಿ ಎಷ್ಟು ಮೇಲೇರಿತು ಎಂಬುದು ಕೆಳಗೆ ಒಂದು ಸ್ವರ ನಿಂತಿದ್ದಾಗ ಚೆನ್ನಾಗಿ ತಿಳಿಯುತ್ತದೆ. ಹಿಲ್ಡೆಗಾರ್ಡ್ ಅವರ ಧಾಟಿಗಳಂತೂ ಆ ಕಾಲದ ಮಠದ ಹಾಡುಗಳಿಗೆ ಅಪರೂಪವೆನಿಸುವಷ್ಟು ಎತ್ತರಕ್ಕೆ ಹೋಗುತ್ತವೆ.

ನಡೆಯ ವಿಷಯ ಇನ್ನೂ ಕಠಿಣ. ಆ ಸ್ವರಲಿಪಿ ಯಾವ ಸ್ವರ, ಯಾವ ಅಕ್ಷರಕ್ಕೆ ಎಷ್ಟು ಸ್ವರ ಎಂದು ಹೇಳುತ್ತದೆ. ಯಾವುದನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಹೇಳುವುದಿಲ್ಲ. ತಾಳವಿಲ್ಲ, ಕಾಲಪ್ರಮಾಣವಿಲ್ಲ. ಒಂದೇ ಅಕ್ಷರಕ್ಕೆ ಹತ್ತಾರು ಸ್ವರ ಬಂದಾಗ ಎಲ್ಲಿ ಉಸಿರು ತೆಗೆಯಬೇಕು ಎಂಬುದನ್ನೂ ಹಾಡುವವರೇ ನಿರ್ಧರಿಸಬೇಕು. ಜೊತೆಗೆ ಮುಖ್ಯ ಪ್ರತಿಗಳೇ ಎರಡು. ಒಂದು, 1175ರ ಸುಮಾರಿಗೆ, ಅವರು ಬದುಕಿದ್ದಾಗಲೇ, ರೈನ್ ದಡದ ಬಿಂಗೆನ್ ಬಳಿ ರೂಪರ್ಟ್ಸ್‌ಬರ್ಗಿನ ಅವರ ಮಠದಲ್ಲಿ ಸಿದ್ಧವಾಗಿ ವಿಲ್ಲರ್ಸ್ ಮಠಕ್ಕೆ ಹೋದದ್ದು. ಅದರ ಕೆಲವು ಹಾಳೆಗಳು ಕಳೆದಿವೆ. ಇನ್ನೊಂದು ವೀಸ್‌ಬಾಡೆನ್ ಗ್ರಂಥಾಲಯದಲ್ಲಿದೆ, ತೂಕ ಸುಮಾರು 15 ಕೆಜಿ. ಅಲ್ಲಲ್ಲಿ ಎರಡರ ಸ್ವರಗಳೂ ಹೊಂದುವುದಿಲ್ಲ. ಹಾಗಾಗಿ ನೀವು ಕೇಳಿದ ಎರಡೂ ಮುದ್ರಣಗಳು ಪ್ರಾಮಾಣಿಕವಾಗಿರಬಹುದು.

ನನ್ನ ಆಕ್ಷೇಪ ಬೇರೆಯದು. ಈ ಹಾಡುಗಳನ್ನು ನಿದ್ದೆಗೆ, ವಿಶ್ರಾಂತಿಗೆ ಎಂದು ಹಾಕಿಕೊಳ್ಳುವವರು ಬಹಳ. ದಯವಿಟ್ಟು ಸಾಹಿತ್ಯ ಎದುರಿಟ್ಟುಕೊಂಡು ಕೇಳಿ. ಸಂತ ಮ್ಯಾಕ್ಸಿಮಿನ್ ಕುರಿತ ‘ಕೊಲುಂಬಾ ಅಸ್ಪೆಕ್ಸಿಟ್’ ಕಿಟಕಿಯ ಜಾಲರಿಯಿಂದ ಇಣುಕುವ ಪಾರಿವಾಳದಿಂದ ಶುರುವಾಗುತ್ತದೆ. ಮರುಕ್ಷಣ ಬಿಸಿಲಿನ ಝಳ ಕತ್ತಲೊಳಗೆ ಉರಿದು ಅಲ್ಲಿಂದ ಒಂದು ರತ್ನ ಏಳುತ್ತದೆ. ಇಂಥ ಮಾತಿಗೆ ಕಣ್ಣು ಮುಚ್ಚಿ ಮಲಗುವುದೇ?

ಹಾಡು ಅವರಿಗೆ ಅಲಂಕಾರವಾಗಿರಲಿಲ್ಲ. ಅವರ ಸಂಗೀತ ನಾಟಕದಲ್ಲಿ ಸದ್ಗುಣಗಳೆಲ್ಲ ಹಾಡುತ್ತವೆ, ಸೈತಾನನಿಗೆ ಮಾತ್ರ ಹಾಡಿಲ್ಲ, ಬರೀ ಮಾತು. 1178ರಲ್ಲಿ, ಬಹಿಷ್ಕೃತನೆಂದು ಹೇಳಲಾದ ಒಬ್ಬನನ್ನು ಮಠದ ನೆಲದಲ್ಲಿ ಹೂಳಿದ್ದಕ್ಕೆ, ಮೈನ್ಜ್‌ನ ಚರ್ಚ್ ಅಧಿಕಾರಿಗಳು ಅಲ್ಲಿ ಹಾಡುವುದನ್ನೇ ನಿಷೇಧಿಸಿದರು. ಎಂಬತ್ತರ ಅಂಚಿನಲ್ಲಿದ್ದ ಆಕೆ ಸುಮ್ಮನಾಗಲಿಲ್ಲ. ಭೂಮಿಯ ಮೇಲೆ ದೇವರ ಸ್ತುತಿಯನ್ನು ಅನ್ಯಾಯವಾಗಿ ನಿಲ್ಲಿಸುವವರಿಗೆ ಸ್ವರ್ಗದ ಗಾಯನದಲ್ಲೂ ಜಾಗ ಸಿಗದು ಎಂದು ಅವರಿಗೇ ಪತ್ರ ಬರೆದರು. 1179ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಹೈಪೀರಿಯನ್ ಮುದ್ರಣ ಆದಮೇಲೆ ಸೆಕ್ವೆಂಶಿಯಾ ತಂಡದ್ದನ್ನು ಕೇಳಿ. ಬಾರ್ಬರಾ ಥಾರ್ನ್‌ಟನ್ ಮತ್ತು ಬೆಂಜಮಿನ್ ಬ್ಯಾಗ್ಬಿ ಕಟ್ಟಿದ ತಂಡ ಅದು. ಆ ನಾಟಕವನ್ನೂ ಅವರು ಮುದ್ರಿಸಿದ್ದಾರೆ.