ಹಲಗೆ ಬಂದರೆ ನಿಂತುಬಿಡುವ ರಾಯರು

ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ರಾಯರು ಅಂತ ಕರೆಯೋಣ.

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಇವರಿಗೆ ಸಿಟ್ಟು ಜಾಸ್ತಿ ಆಗಿದೆ ಮೇಡಂ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಐದಕ್ಕೆ ಗ್ಯಾರೇಜಿನಲ್ಲಿ ಸೈಕಲ್ ತುಳೀತಾರೆ." ಈ ಕುಟುಂಬ ಇರುವುದು ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ. ರಾಯರಿಗೆ 41 ವರ್ಷ, ಕಂಪ್ಯೂಟರ್ ಕೆಲಸ, ಮೂಲ ಮಲೆನಾಡು. ನಮ್ಮ ಮಾತುಕತೆಯೆಲ್ಲ ವಿಡಿಯೋದಲ್ಲಿ.

ರಾಯರು ಸೈಕಲ್ ತುಳಿಯುತ್ತಿದ್ದದ್ದು ಸೈಕ್ಲೋಕ್ರಾಸ್ ಅನ್ನುವ ಸೈಕಲ್ ರೇಸಿಗಾಗಿ. ಅದು ಏನು ಅಂತ ನನಗೆ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು. ಸುಮಾರು ಮೂರು ಕಿಲೋಮೀಟರಿನ ಸುತ್ತು. ಹುಲ್ಲು, ಕೆಸರು, ಮರಳು, ಕಡಿದಾದ ದಿಬ್ಬ. ನಡುವೆ ಮೊಣಕಾಲಿಗಿಂತ ತಗ್ಗು, 40 ಸೆಂಟಿಮೀಟರ್ ಎತ್ತರದ ಎರಡು ಹಲಗೆ. ಅಲ್ಲಿ ಓಡುತ್ತಲೇ ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಮತ್ತೆ ಹಾರಿ ಕೂರಬೇಕು. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಸೀಸನ್. ಮಳೆ ಬಂದಷ್ಟೂ ಜನರಿಗೆ ಖುಷಿ. ಬೆಲ್ಜಿಯಂನ ಹೆಸರಾಂತ ಸೈಕಲ್ ಪಟು ವೌಟ್ ವ್ಯಾನ್ ಆರ್ಟ್ ಹೆಸರು ಗೊತ್ತಿಲ್ಲದ ಮಗು ಆ ಕಡೆ ಸಿಗೋದು ಕಷ್ಟವಂತೆ. ರಾಯರೂ ಎರಡು ವರ್ಷದ ಹಿಂದೆ ಹವ್ಯಾಸಿಗಳ ಜೊತೆ ರೇಸಿಗೆ ಇಳಿದಿದ್ದರು. ಪ್ರತಿ ಸಲ ಕೊನೆಯ ಸಾಲು.

ಮೊದಲ ಭೇಟಿಯಲ್ಲಿ ನಾನೇ ಎಡವಿದೆ. ರಾಯರ ತರಬೇತಿ ವಾರಕ್ಕೆ ಆರು ದಿನ, ಅದೂ ಉಸಿರು ಕಟ್ಟುವಂಥ ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರಾಗಿ ತುಳಿದು, ಸ್ವಲ್ಪ ನಿಧಾನಿಸಿ, ಮತ್ತೆ ಜೋರಾಗಿ ತುಳಿಯೋದು. ಬೆಳಿಗ್ಗೆ ಎದ್ದ ಕೂಡಲೇ ನೋಡುವ ನಾಡಿ ಬಡಿತ 52ರಿಂದ 61ಕ್ಕೆ ಏರಿತ್ತು. ನಿದ್ದೆ ಐದು ಗಂಟೆ. ಇದು ಅತಿಯಾದ ತರಬೇತಿ ಅಂದುಕೊಂಡು, "ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ, ಎರಡು ವಾರ ವಿಶ್ರಾಂತಿ" ಅಂದೆ. ರಿಪೋರ್ಟ್ ಸರಿಯಾಗಿತ್ತು. ವಿಶ್ರಾಂತಿ ನಡೆದದ್ದು ನಾಲ್ಕೇ ದಿನ. ಐದನೇ ದಿನ ಕದ್ದು ಗ್ಯಾರೇಜಿಗೆ ಇಳಿದಿದ್ದರು.

ಎರಡನೇ ಸಲ ಬೇರೆ ಪ್ರಶ್ನೆ ಕೇಳಿದೆ. "ರೇಸಿನಲ್ಲಿ ಹಿಂದೆ ಬೀಳೋದು ಎಲ್ಲಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಲಗೆ ಹತ್ರ. ಬ್ರೇಕ್ ಹಾಕಿ ಪೂರ್ತಿ ನಿಲ್ತೀನಿ. ಆಮೇಲೆ ಇಳೀತೀನಿ. ಹದಿನಾಲ್ಕು ವರ್ಷದ ಹುಡುಗರು ಪಕ್ಕದಲ್ಲೇ ಹಾರಿಕೊಂಡು ಹೋಗ್ತಾರೆ."

"ಅದನ್ನ ಅಭ್ಯಾಸ ಮಾಡೋದು ಯಾವಾಗ?"

"ಮಾಡಲ್ಲ."

ಆ ಅಭ್ಯಾಸ ಪಾರ್ಕಿನಲ್ಲಿ ಮಾಡಬೇಕು. ಅಲ್ಲಿ ಜನ ಇರ್ತಾರೆ. ಬೀಳೋದನ್ನ ನೋಡ್ತಾರೆ. ಗ್ಯಾರೇಜಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಮೇಲಿಂದ ಯಾರೂ ಬೀಳೋದಿಲ್ಲ, ಅಲ್ವಾ? ಕಾಲಿಗೆ ಶಕ್ತಿ ತುಂಬಿಸಿ ತುಂಬಿಸಿ, ಕಲಿಯಬೇಕಾದದ್ದರಿಂದ ಅವರು ತಪ್ಪಿಸಿಕೊಳ್ಳುತ್ತಿದ್ದರು. ಬೈದರೆ ಪ್ರಯೋಜನ ಇರಲಿಲ್ಲ. ಅಷ್ಟು ಕಷ್ಟಪಡುವವರನ್ನು ಹೆದರುಪುಕ್ಕಲ ಅನ್ನೋಕೂ ಆಗಲ್ಲ.

ಹಾಗಾದರೆ ಇಳಿಯೋದು ಹೇಗೆ ಅಂತ ತೋರಿಸಿ ಅಂದೆ. ಗ್ಯಾರೇಜಿನಲ್ಲೇ ತೋರಿಸಿದರು. ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತರಬೇಕು. ಎಡಗಾಲಿನ ಮೇಲೆ ಪೆಡಲಿನಲ್ಲಿ ನಿಂತು ಒಂದಷ್ಟು ದೂರ ಜಾರಿ, ಓಡುತ್ತಾ ನೆಲಕ್ಕಿಳಿಯಬೇಕು. ನನಗೆ ನಗು ಬಂತು. ನಮ್ಮೂರಿನ ಹಾಲಿನವರು ಕ್ಯಾನು ತೂಗುಹಾಕಿಕೊಂಡು ಇಳಿಯುತ್ತಿದ್ದದ್ದು ಹೀಗೇ! ಪೋಸ್ಟ್‌ಮ್ಯಾನ್ ಕೂಡ. ಹೇಳಿದೆ. ರಾಯರ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು. "ನಮ್ಮಪ್ಪನೂ ಹಾಗೇ ಇಳೀತಿದ್ರು. ನಾನು ಒಳಪೆಡಲು ಹೊಡೀತಾ ಗದ್ದೆಗೆ ಬಿದ್ದಿದ್ದೆ. ನೆಂಟರ ಹುಡುಗರೆಲ್ಲ ನಕ್ಕಿದ್ರು. ಆಮೇಲೆ ಅಪ್ಪನ ಸೈಕಲ್ ಮುಟ್ಟಲೇ ಇಲ್ಲ." ಎಲ್ಲ ಬಾಲ್ಯದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಈ ನೆನಪು ನಮಗೆ ಕೆಲಸಕ್ಕೆ ಬಂತು.

ನಾನು ಕೊಟ್ಟ ಸಲಹೆ ಹೀಗಿತ್ತು. ಕಷ್ಟದ ತರಬೇತಿ ವಾರಕ್ಕೆ ಎರಡೇ ದಿನ, ನಡುವೆ ಹಗುರ ಸವಾರಿ. ಐದು ಗಂಟೆಯ ಗ್ಯಾರೇಜು ಬಂದ್, ಆ ಹೊತ್ತು ನಿದ್ದೆಗೆ. ಬುಧವಾರ ಮಧ್ಯಾಹ್ನ ಅಲ್ಲಿನ ಶಾಲೆಗೆ ರಜೆ; ಹತ್ತು ವರ್ಷದ ಮಗಳನ್ನು ಕರೆದುಕೊಂಡು ಪಾರ್ಕಿಗೆ. ಮೊದಲ ವಾರ ಹುಲ್ಲಿನ ಮೇಲೆ ಒಂದು ಕೋಲು, ನಡಿಗೆಯ ವೇಗ, ಬರೀ ಇಳಿಯೋದು. ಹತ್ತೋದು ಆಮೇಲೆ. ಕೋಲಿನ ಜಾಗಕ್ಕೆ ರಟ್ಟಿನ ಪೆಟ್ಟಿಗೆ, ಕೊನೆಗೆ ಹಲಗೆ. ಜೊತೆಗೆ ಒಂದು ಲೆಕ್ಕ: ಪ್ರತಿ ಬುಧವಾರ ಎಷ್ಟು ಸಲ ಬಿದ್ದಿರಿ ಅಂತ ಮಗಳು ಬರೆದಿಡಬೇಕು.

"ಬೀಳಲೇಬೇಕಾ?"

"ಶೂನ್ಯ ಬಂದರೆ ನೀವು ನಿಧಾನ ಹೋಗ್ತಿದ್ದೀರಿ ಅಂತ ಅರ್ಥ."

ಮೊದಲ ಪಟ್ಟಿಯಲ್ಲಿ ಏಳು ಇತ್ತು, ಪಕ್ಕದಲ್ಲಿ ನಗುವ ಮುಖದ ಚಿತ್ರ. ಇಳಿಯೋದು ಎರಡೇ ವಾರದಲ್ಲಿ ಬಂತು. ಹಾರಿ ಕೂರುವುದಕ್ಕೆ ಮಾತ್ರ ಒಂದೂವರೆ ತಿಂಗಳು ಹಿಡಿಯಿತು. ತೊಡೆಯ ಒಳಭಾಗ ಸೀಟಿನ ಮೇಲೆ ಜಾರಿಕೊಂಡು ಬರಬೇಕು, ಇವರು ಪ್ರತಿ ಸಲ ಹೆದರಿ ಇನ್ನೊಂದು ಪುಟ್ಟ ಹೆಜ್ಜೆ ಹಾಕುತ್ತಿದ್ದರು. ಆ ಹೆಜ್ಜೆ ಈಗಲೂ ಪೂರ್ತಿ ಹೋಗಿಲ್ಲ.

ಡಿಸೆಂಬರ್ ಕೊನೆಯ ರೇಸ್ ಆದ ರಾತ್ರಿ ಮೆಸೇಜ್ ಬಂತು. ಕೊನೆಯಿಂದ ಐದನೆಯವರು. ಮುಂದಿದ್ದವನು ಒಂದು ಸುತ್ತು ಹಿಂದೆ ಹಾಕಿದ್ದ. ಹಲಗೆಯ ಹತ್ತಿರ ಒಮ್ಮೆಯೂ ನಿಲ್ಲಲಿಲ್ಲವಂತೆ. ಮರಳಿನಲ್ಲಿ ಮಾತ್ರ ಮುಗ್ಗರಿಸಿ ಬಿದ್ದರು, ಸರಿಯಾಗಿ ಹೆಂಡತಿ, ಮಗಳು ನಿಂತಿದ್ದ ಜಾಗದಲ್ಲೇ. ಮಗಳು ಜೋರಾಗಿ "ಒಂದು!" ಅಂತ ಎಣಿಸಿದಳಂತೆ.

ನಿದ್ದೆ ಈಗ ಆರೂವರೆ ಗಂಟೆ. ಇನ್ನೂ ಸಾಲದು, ಮುಂದಿನ ಭೇಟಿಯಲ್ಲಿ ಅದನ್ನೇ ಹಿಡಿಯಬೇಕು. ಹೆಂಡತಿಯ ಹೊಸ ದೂರು ಬಚ್ಚಲುಮನೆಯ ಕೆಸರಿನದು. ಅದನ್ನು ಅವರಿಬ್ಬರೇ ಬಗೆಹರಿಸಿಕೊಳ್ಳಲಿ ಅಂದಿದ್ದೇನೆ.