ಕುಮಾರಪರ್ವತಕ್ಕೆ ತಂದೆಯವರೊಡನೆ ಯಾವ ದಾರಿ?

ಅರವತ್ತರ ಹತ್ತಿರದ ತಂದೆಯವರೊಡನೆ ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತುವುದೋ, ಸೋಮವಾರಪೇಟೆಯ ಕಡೆಯಿಂದಲೋ ಎಂದು ಕೇಳಿದ್ದೀರಿ. ಸೋಮವಾರಪೇಟೆಯ ಕಡೆಯ ಬೀದಳ್ಳಿಯ ದಾರಿಯನ್ನೇ ಹಿಡಿಯಿರಿ ಎಂದು ಖಂಡಿತವಾಗಿ ಹೇಳುತ್ತೇನೆ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯವು ಘಟ್ಟದ ಬುಡದಲ್ಲಿರುವುದರಿಂದ ಅಲ್ಲಿಂದ ಹೊರಟವರು ಹೆಚ್ಚುಕಡಿಮೆ ಅಷ್ಟೂ ಏರನ್ನು ಕಾಲ್ನಡಿಗೆಯಲ್ಲೇ ಹತ್ತಬೇಕಾಗುತ್ತದೆ. ಬೀದಳ್ಳಿಯಾದರೋ ಘಟ್ಟದ ಮೇಲಿನ ಊರು, ದೂರವೂ ಸುಮಾರು ಅರ್ಧದಷ್ಟೇ. ಕುಕ್ಕೆಯ ದಾರಿಯಲ್ಲಿ ಗಿರಿಗದ್ದೆಯವರೆಗೆ ಕಾಡಿನ ನೆರಳಿದೆ, ಆದರೆ ಅಲ್ಲಿಂದ ಕಲ್ಲುಮಂಟಪವನ್ನು ದಾಟಿ ಶೇಷಪರ್ವತ ಸೇರುವವರೆಗೆ ಬೋಳು ಹುಲ್ಲುಗುಡ್ಡವಾದ್ದರಿಂದ ಬಿಸಿಲಿಗೆ ಮರೆಯೇ ಸಿಗುವುದಿಲ್ಲ.

ಬೀದಳ್ಳಿಯ ದಾರಿ ಬಹುಪಾಲು ದಟ್ಟ ಕಾಡಿನೊಳಗೇ ಸಾಗುತ್ತದೆ. ಅಲ್ಲಿ ಎಚ್ಚರ ಬೇಕಾದದ್ದು ಶಿಖರಕ್ಕೆ ಮುನ್ನ ಬರುವ ಕಡಿದಾದ ಹಾಸುಬಂಡೆಯಲ್ಲಿ: ಇಬ್ಬನಿಯ ತೇವವಿದ್ದರೂ ಸಾಕು, ಪಾದ ಜಾರುತ್ತದೆ. ಇಳಿಯುವಾಗ ತಂದೆಯವರು ಸಂಕೋಚವಿಲ್ಲದೆ ಕುಳಿತು, ಅಂಗೈ ಊರಿಕೊಂಡೇ ಇಳಿಯಲಿ. ನೀವು ಒಂದು ಹೆಜ್ಜೆ ಕೆಳಗಿರಿ.

ಇದು ಪುಷ್ಪಗಿರಿ ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆದಿರಬೇಕು. ಮಳೆಗಾಲದಲ್ಲಿ ಚಾರಣಕ್ಕೆ ಅವಕಾಶವಿರುವುದಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ ಹೊರಡಿ.