ಸುಮ್ನೆ ನೋಡಿ ಬರೋಣ ಅಂತ ಹೋದರೆ

ನೀವು ಕೇಳಿದ್ದು ಇಷ್ಟು. ಎಚ್-1ಬಿ ಕೆಲಸದ ವೀಸಾ ಮೇಲೆ ಟೆಕ್ಸಸ್‌ನ ಡಾಲಸ್ ಕಡೆಗೆ ಬಂದು ಐದು ವಾರ ಆಯ್ತು. ಮನೆ ಫ್ರಿಸ್ಕೋದಲ್ಲಿ, ಆಫೀಸು ಒಂಬತ್ತು ಮೈಲಿ ದೂರ. ದಿನಾ ಜೊತೆ ಕೆಲಸ ಮಾಡುವವರ ಕಾರಿನಲ್ಲಿ ಹೋಗಿ ಬರುತ್ತೀರಿ. ನಿನ್ನೆ ಶನಿವಾರ ಅವರ ಜೊತೆಗೇ ಒಬ್ಬ ಡೀಲರ್ ಹತ್ತಿರ ಸುಮ್ನೆ ನೋಡಿ ಬರೋಣ ಅಂತ ಹೋದಿರಿ. ಬಿಳಿ ಬಣ್ಣದ ಹೊಸ ಕಾರೊಂದು ಕಣ್ಣಿಗೆ ಬಿತ್ತು, ಓಡಿಸಿಯೂ ನೋಡಿದಿರಿ. ತಿಂಗಳಿಗೆ 520 ಡಾಲರ್, ಆದರೆ ಈ ಆಫರ್ ಸೋಮವಾರದವರೆಗೆ ಮಾತ್ರ ಅಂದರು. "ತಗೊಂಡುಬಿಡಲಾ ಸರ್? ಇಲ್ಲಿ ಕಾರಿಲ್ಲದೆ ಬದುಕೋಕೆ ಆಗುತ್ತಾ? ಡಿಸೆಂಬರ್‌ನಲ್ಲಿ ಹೆಂಡತಿ, ಮಗು ಬರುತ್ತಾರೆ. ಇಷ್ಟ ಆಗಲಿಲ್ಲ ಅಂದರೆ ಮೂರು ದಿನದೊಳಗೆ ವಾಪಸ್ ಕೊಡಬಹುದಂತೆ, ಹೌದಾ?"

ಸರ್ ಅನ್ನೋದು ಬಿಡಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕಂದರೆ ಸೋಮವಾರ ನಾಳೆಯೇ. ಇಲ್ಲ, ವಾಪಸ್ ಕೊಡೋಕೆ ಆಗಲ್ಲ. ಈ ದೇಶದಲ್ಲಿ ಹಾಕಿಕೊಂಡ ಶೂ, ಮಲಗಿ ನೋಡಿದ ಹಾಸಿಗೆ ಎಲ್ಲವನ್ನೂ ವಾಪಸ್ ತಗೋತಾರೆ. ಅದನ್ನು ನೋಡಿ ನೋಡಿ ಕಾರಿಗೂ ಹಾಗೇ ಇರಬೇಕು ಅಂತ ನಮ್ಮವರೆಲ್ಲ ಅಂದುಕೊಳ್ಳುತ್ತಾರೆ. ಮೂರು ದಿನದ ನಿಯಮ ಅಂತ ಒಂದಿದೆ ನಿಜ, ಫೆಡರಲ್ ಟ್ರೇಡ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆಯದು. ಅದು ಮನೆ ಬಾಗಿಲಿಗೆ ಬಂದು ಮಾರುವವರಿಗೆ. ನೀವೇ ಡೀಲರ್ ಜಾಗಕ್ಕೆ ಹೋಗಿ ಸಹಿ ಹಾಕಿ ತಂದ ಕಾರಿಗೆ ಅದು ನಡೆಯಲ್ಲ. ಕೆಲವು ಡೀಲರ್‌ಗಳು ತಾವಾಗಿಯೇ ವಾಪಸ್ ತಗೊಳ್ಳುವ ಮಾತಾಡುತ್ತಾರೆ. ಅದು ಕಾಗದದಲ್ಲಿ ಇದ್ದರೆ ಮಾತ್ರ ನಂಬಿ.

ಇನ್ನು ಕಾರಿಲ್ಲದೆ ಆಗುತ್ತಾ ಅಂದರೆ, ಫ್ರಿಸ್ಕೋದಲ್ಲಿ ಆಗಲ್ಲ. ಡಾಲಸ್‌ನ ಡಾರ್ಟ್ ರೈಲು ರಿಚರ್ಡ್‌ಸನ್‌ಗೆ ಬರುತ್ತದೆ, ಫ್ರಿಸ್ಕೋಗೆ ಬರಲ್ಲ. ಜುಲೈ ಬಿಸಿಲಿನಲ್ಲಿ ಅರ್ಧ ಮೈಲಿ ನಡೆದು ಹಾಲಿನ ಕ್ಯಾನ್ ತಂದು ನೋಡಿ, ಆಮೇಲೆ ಯಾರನ್ನೂ ಕೇಳುವ ಅಗತ್ಯ ಇರಲ್ಲ. ಕಾರು ಬೇಕೇ ಬೇಕು. ನಾಳೆಯೇ ಬೇಕಾ ಅನ್ನೋದು ಬೇರೆ ಮಾತು.

ನನಗೆ ಅನ್ನಿಸೋದನ್ನು ನೇರವಾಗಿ ಹೇಳಿಬಿಡಲಾ? ನಿಮಗೆ ಆ ಬಿಳಿ ಕಾರಿನ ಮೇಲೆ ಅಷ್ಟೇನೂ ಆಸೆ ಇಲ್ಲ. ಲಿಫ್ಟ್ ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಪ್ರಶ್ನೆಯಲ್ಲಿ ಕಾರಿನ ಬಗ್ಗೆ ಒಂದು ಸಾಲು ಇದ್ದರೆ ಸಹೋದ್ಯೋಗಿಯ ಬಗ್ಗೆ ನಾಲ್ಕು ಸಾಲು ಇತ್ತು. ಅವರಿಗೆ ತೊಂದರೆ ಆಗುತ್ತಿದೆಯೇನೋ, ಪೆಟ್ರೋಲ್ ದುಡ್ಡು ಕೊಟ್ಟರೆ ತಗೊಳ್ಳಲ್ಲ, ಅವರ ಹೆಂಡತಿ ಏನಂದುಕೊಳ್ಳುತ್ತಾರೋ. ಇದು ನನಗೆ ಚೆನ್ನಾಗಿ ಗೊತ್ತು. ನಾನೂ ಹೀಗೇ ಒಂದು ಕಾರು ತಗೊಂಡವನು.

2011ರ ಮಾತು. ನನ್ನನ್ನು ಕರೆದುಕೊಂಡು ಹೋಗುತ್ತಿದ್ದವರಿಗೆ ಸಂಜೆ ಮಗನನ್ನು ಸಾಕರ್ ಪ್ರಾಕ್ಟೀಸ್‌ಗೆ ಬಿಡಬೇಕಿತ್ತು. ಐದೂ ಹತ್ತಕ್ಕೆ ನಾನು ಲಾಬಿಯಲ್ಲಿ ಬ್ಯಾಗ್ ಹಾಕಿಕೊಂಡು ನಿಂತಿರಲೇಬೇಕು. ಮೀಟಿಂಗ್ ಐದು ನಿಮಿಷ ಉದ್ದವಾದರೂ ನನ್ನ ಕಣ್ಣು ಗಡಿಯಾರದ ಮೇಲೆ. ಒಂದು ಶುಕ್ರವಾರ ತಡವಾಯ್ತು. ಕೆಳಗೆ ಬಂದರೆ ಅವರು ಕಾರಿನಲ್ಲಿ ಕೂತು ಕಾಯುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಹುಡುಗ ಬೂಟು ಹಾಕಿಕೊಂಡು ಕೂತಿದ್ದಾನೆ. ಯಾರೂ ಏನೂ ಅನ್ನಲಿಲ್ಲ. ಹುಡುಗ ಮಾತ್ರ ಡ್ಯಾಶ್‌ಬೋರ್ಡ್ ಗಡಿಯಾರ ನೋಡಿ ಉಸಿರು ಬಿಟ್ಟ. ಆ ಒಂದು ಉಸಿರು ನನ್ನನ್ನು ಎಂಟೂವರೆ ಸಾವಿರ ಡಾಲರ್ ದಂಡಕ್ಕೆ ಒಪ್ಪಿಸಿತು. ಲೆಕ್ಕ ಮುಂದೆ ಬರುತ್ತದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಡೀಲರ್ ಹತ್ತಿರ ಹೋದೆ. ಸುಮ್ನೆ ನೋಡೋಕೆ. ಹೊರಬಂದಾಗ ರಾತ್ರಿ ಏಳೂವರೆ. ಇಡೀ ದಿನ ತಿಂದಿದ್ದು ಅವರ ಮೆಷಿನ್ನಿನ ಪಾಪ್‌ಕಾರ್ನ್. ಮೊದಲ ಹತ್ತು ನಿಮಿಷದಲ್ಲೇ ಕೇಳಿದರು, "ತಿಂಗಳಿಗೆ ಎಷ್ಟು ಕಟ್ಟೋಣ ಅಂದುಕೊಂಡಿದ್ದೀರಿ?" 500ರ ಒಳಗೆ ಅಂದೆ. ಎಂಥ ಜಾಣ ನಾನು! ಅಂಗಡಿಗೆ ಹೋಗಿ ಜೇಬಿನಲ್ಲಿ ಇಷ್ಟಿದೆ ಅಂತ ಎಣಿಸಿ ತೋರಿಸಿದ ಹಾಗೆ. ಕಾರಿನ ಬೆಲೆ 21,000. ಅದರ ಮೇಲೆ ಟೆಕ್ಸಸ್‌ನ ತೆರಿಗೆ 6.25 ಪರ್ಸೆಂಟ್, ಸುಮಾರು 1,300. ಇಷ್ಟು ಹೇಗೂ ಕಟ್ಟಲೇಬೇಕಾದದ್ದು. ಆಮೇಲೆ ಒಳಗಿನ ಕೋಣೆಗೆ ಕರೆದರು, ಫೈನಾನ್ಸ್ ಆಫೀಸು ಅಂತ. ನಿಜವಾದ ವ್ಯಾಪಾರ ನಡೆಯೋದು ಅಲ್ಲಿ. ಹೊರಗೆ ಕಾರು ತೋರಿಸುವವರು ನಗುತ್ತಾ ಮಾತಾಡುತ್ತಾರೆ. ಒಳಗಿನವರು ಪೆನ್ನಿನ ತುದಿಯಲ್ಲಿ ಒಂದೊಂದೇ ಸಾಲು ತೋರಿಸುತ್ತಾ, "ಇದಕ್ಕೆ ತಿಂಗಳಿಗೆ ಹದಿನೈದೇ ಡಾಲರ್, ಇದಕ್ಕೆ ನಲವತ್ತು" ಅಂತ ಹೋಗುತ್ತಾರೆ. ಎಕ್ಸ್‌ಟೆಂಡೆಡ್ ವಾರಂಟಿ, ಪೇಂಟ್ ಪ್ರೊಟೆಕ್ಷನ್, ಗ್ಯಾಪ್ ಅನ್ನೋ ಇನ್ಶೂರೆನ್ಸ್. ಗಂಟೆ ಏಳಾಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಎಲ್ಲದಕ್ಕೂ ಹೂಂ ಅಂದೆ. 26,300 ಆಯ್ತು. ಕೈಯಲ್ಲಿದ್ದ 2,300 ಕೊಟ್ಟೆ, ಉಳಿದ 24,000 ಸಾಲ. ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ತೀರಿಸಿದ ದಾಖಲೆ, ಇಲ್ಲದವನಿಗೆ 14 ಪರ್ಸೆಂಟ್ ಬಡ್ಡಿ, 72 ತಿಂಗಳು. ಕಂತು ಎಷ್ಟು ಗೊತ್ತಾ? 494 ಡಾಲರ್ ಚಿಲ್ಲರೆ. 500ರ ಒಳಗೆ! ನಾನು ಕೇಳಿದ್ದನ್ನೇ ಕೊಟ್ಟರು, ಅವರದೇನೂ ತಪ್ಪಿಲ್ಲ. ಹೊರಡುವಾಗ ಗಂಟೆ ಬಾರಿಸಿ, ಎಲ್ಲರೂ ಚಪ್ಪಾಳೆ ತಟ್ಟಿ, ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋ ಇನ್ನೂ ಇದೆ. ನಾನು ತುಂಬಾ ಖುಷಿಯಾಗಿ ಕಾಣುತ್ತೇನೆ.

ಈಗ ಲೆಕ್ಕ. 494ನ್ನು 72 ತಿಂಗಳು ಕಟ್ಟಿದರೆ ಒಟ್ಟು 35,600 ಆಗುತ್ತದೆ. ಅದೇ 24,000ವನ್ನು 6 ಪರ್ಸೆಂಟ್‌ಗೆ 48 ತಿಂಗಳಿಗೆ ತಗೊಂಡಿದ್ದರೆ ಕಂತು 564, ಒಟ್ಟು 27,050ರ ಸುತ್ತ. ತಿಂಗಳಿಗೆ ಎಪ್ಪತ್ತು ಡಾಲರ್ ಉಳಿಯಿತು ಅಂದುಕೊಂಡವನು ಎಂಟೂವರೆ ಸಾವಿರ ಜಾಸ್ತಿ ಕಟ್ಟಲು ಒಪ್ಪಿಕೊಂಡು ಬಂದಿದ್ದ. ಅದಕ್ಕೇ ಹೇಳೋದು, ನಿಮ್ಮ 520ರ ಹಿಂದೆ ಎಷ್ಟು ತಿಂಗಳು, ಎಷ್ಟು ಬಡ್ಡಿ ಅಂತ ನೀವು ಬರೆದಿಲ್ಲ. ನಿಮಗೆ ಹೇಳಿಯೂ ಇರಲಿಕ್ಕಿಲ್ಲ. 72 ತಿಂಗಳಾದರೆ ಇನ್ನೊಂದು ಯೋಚನೆ ಮಾಡಿ. ಎಚ್-1ಬಿ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ ಸಿಗುತ್ತದೆ, ಗ್ರೀನ್ ಕಾರ್ಡಿನ ಕೆಲಸ ಮುಂದೆ ಹೋಗದಿದ್ದರೆ ಸಾಮಾನ್ಯವಾಗಿ ಒಟ್ಟು ಆರೇ ವರ್ಷ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕುತ್ತೀರೋ, ಸಾಲ ಇರುವ ಕಾರು ಮಾರುತ್ತೀರೋ? ಹೆದರಿಸೋಕೆ ಹೇಳುತ್ತಿಲ್ಲ, ನಾನು ಇದನ್ನೆಲ್ಲ ಯೋಚನೆ ಮಾಡಿರಲಿಲ್ಲ ಅಂತ ಹೇಳುತ್ತಿದ್ದೇನೆ.

ನಾನು ಯೋಚನೆ ಮಾಡದ ಇನ್ನೊಂದು ವಿಷಯ ಬಾಗಿಲು. ನನ್ನದು ಎರಡೇ ಬಾಗಿಲಿನ ಕೆಂಪು ಕಾರು. ಎಂಟು ತಿಂಗಳಿಗೆ ಹೆಂಡತಿ, ಏಳು ತಿಂಗಳ ಮಗಳು ಬಂದರು. ಇಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಹಾಗಿಲ್ಲ. ಟೆಕ್ಸಸ್‌ನಲ್ಲಿ ಎಂಟು ವರ್ಷ ತುಂಬುವವರೆಗೆ ಮಕ್ಕಳ ಸೀಟು ಕಡ್ಡಾಯ, ಅದಕ್ಕೂ ಮೊದಲೇ ನಾಲ್ಕಡಿ ಒಂಬತ್ತಿಂಚು ಎತ್ತರ ಆದರೆ ಮಾತ್ರ ಬೇಡ. ಅಷ್ಟು ಚಿಕ್ಕ ಮಗುವಿನ ಸೀಟು ಹಿಂದೆ ಇರಬೇಕು, ಹಿಂದಕ್ಕೆ ಮುಖ ಮಾಡಿರಬೇಕು. ಹಿಂದೆ ಹೋಗೋಕೆ ಬಾಗಿಲೇ ಇಲ್ಲ. ಮುಂದಿನ ಸೀಟು ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ಮಗುವನ್ನು ತಲೆ ತಗುಲದ ಹಾಗೆ ಓರೆಯಾಗಿ ತೂರಿಸಿ, ಕತ್ತಲಲ್ಲಿ ಬಕಲ್ ಹುಡುಕಬೇಕು. ಅವಳು ಅಷ್ಟರಲ್ಲಿ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತಾಳೆ. ದಿನಕ್ಕೆ ನಾಲ್ಕು ಸಲ. ನನ್ನ ಹೆಂಡತಿ ಆ ಕಾರನ್ನು ಬೈದಿದ್ದು ನೆನಪಿಲ್ಲ. ಪ್ರತಿ ಸಲ ಇಳಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು, ಅಷ್ಟೇ.

ಮಾರೋಣ ಅಂತ 20 ಕಂತು ಆದಮೇಲೆ ವಿಚಾರಿಸಿದೆ. 9,900 ಡಾಲರ್ ಕಟ್ಟಿದ್ದೆ, ಆದರೂ ಬಾಕಿ 19,200. ಕಾರಿಗೆ ಕೊಡುತ್ತೇವೆ ಅಂದಿದ್ದು 13,000. ಕಾರಿನ ಬೆಲೆಗಿಂತ ಸಾಲವೇ ಜಾಸ್ತಿ ಇದ್ದರೆ ಇಲ್ಲಿನವರು ಅಪ್‌ಸೈಡ್ ಡೌನ್ ಅಂತಾರೆ. ಕೈಯಿಂದ ಆರು ಸಾವಿರ ಹಾಕದೆ ಮಾರೋಕೂ ಆಗಲ್ಲ. ಆ ಬಾಕಿಯನ್ನು ಹೊಸ ಕಾರಿನ ಸಾಲಕ್ಕೆ ಸೇರಿಸಿಬಿಡೋಣ ಅಂತಲೂ ಒಬ್ಬರು ನಗುತ್ತಾ ಹೇಳಿದರು. ಅಷ್ಟೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು, ಎದ್ದು ಬಂದೆ. ನಮ್ಮ ಸಹಕಾರಿ ಬ್ಯಾಂಕಿನಂಥ ಒಂದು ಕ್ರೆಡಿಟ್ ಯೂನಿಯನ್ನಿನಲ್ಲಿ ಐದೂವರೆ ಪರ್ಸೆಂಟ್‌ಗೆ ಸಾಲ ಬದಲಾಯಿಸಿಕೊಂಡು, ಬಾಗಿಲು ಎರಡೇ ಇದ್ದರೂ ಸರಿ ಅಂತ ತೀರುವವರೆಗೂ ಓಡಿಸಿದೆ.

ನೀವು ಈಗ ಏನು ಮಾಡಬಹುದು ಅಂತ ಹೇಳುತ್ತೇನೆ. ತಿಂಗಳ ಲೆಕ್ಕದಲ್ಲಿ ಬಾಡಿಗೆ ಕಾರು ಸಿಗುತ್ತದೆ. ದುಬಾರಿ ಅನ್ನಿಸುತ್ತದೆ, ಆದರೆ ಎರಡು ತಿಂಗಳಿಗೆ ಮುಗಿಯುತ್ತದೆ. ಲಿಫ್ಟ್‌ನ ಮುಜುಗರ ಅಲ್ಲಿಗೇ ಹೋಗುತ್ತದೆ, ತಲೆ ತಣ್ಣಗಾಗುತ್ತದೆ. ಟೆಕ್ಸಸ್‌ನಲ್ಲಿ ವಾಸಕ್ಕೆ ಬಂದ ಮೇಲೆ ಹಳೆಯ ಲೈಸೆನ್ಸ್ ನಡೆಯೋದು 90 ದಿನ ಮಾತ್ರ, ನಿಮಗೆ ಐದು ವಾರ ಆಗಲೇ ಕಳೆದಿದೆ. ಲೈಸೆನ್ಸ್ ಕೊಡುವ ಡಿಪಿಎಸ್ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಇವತ್ತೇ ಹುಡುಕಿ. ಕ್ರೆಡಿಟ್ ಕಾರ್ಡು ಒಂದು ತಗೊಂಡು ಪೂರ್ತಿ ತೀರಿಸುತ್ತಾ ಬನ್ನಿ. ಸಾಲ ಕೊಡುವವರು ನೋಡುವ ಫೈಕೋ ಸ್ಕೋರ್ ಹುಟ್ಟಬೇಕಾದರೆ ಕಡಿಮೆ ಅಂದರೂ ಆರು ತಿಂಗಳ ಹಳೆಯ ಖಾತೆ ಒಂದು ಬೇಕು. ಆರು ತಿಂಗಳು ಕಾಯೋಕೆ ಆಗಲ್ಲ, ಡಿಸೆಂಬರ್ ಬರುತ್ತದೆ, ಗೊತ್ತು. ಹಾಗಾದರೆ ಕಡಿಮೆ ಬೆಲೆಯ, ನಾಲ್ಕು ಬಾಗಿಲಿನ ಹಳೆಯ ಕಾರು ನೋಡಿ, ಸಾಲ ಚಿಕ್ಕದಿರಲಿ. ಡೀಲರ್ ಹತ್ತಿರ ಹೋಗುವ ಮೊದಲೇ ಒಂದು ಕ್ರೆಡಿಟ್ ಯೂನಿಯನ್ನಿನಲ್ಲಿ ಎಷ್ಟು ಬಡ್ಡಿಗೆ ಕೊಡುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ಡೀಲರ್ ತಿಂಗಳಿಗೆ ಎಷ್ಟು ಅಂತ ಕೇಳಿದರೆ ಉತ್ತರ ಕೊಡಬೇಡಿ. "ಔಟ್ ದ ಡೋರ್ ಪ್ರೈಸ್ ಎಷ್ಟು, ಕಾಗದದಲ್ಲಿ ಬರೆದು ಕೊಡಿ" ಅನ್ನಿ. ತೆರಿಗೆ, ಟೈಟಲ್ (ಕಾರು ನಿಮ್ಮದು ಅನ್ನೋ ಕಾಗದ), ಫೀಸು ಎಲ್ಲಾ ಸೇರಿದ ಒಂದೇ ಅಂಕಿ. ಹಾಗೆ ಕೇಳುವವರನ್ನು ಕಂಡರೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ಹಳೆಯ ಕಾರಾದರೆ ಕಿಟಕಿಗೆ ಬೈಯರ್ಸ್ ಗೈಡ್ ಅಂತ ಒಂದು ಕಾಗದ ಅಂಟಿಸಿರುತ್ತಾರೆ. ಅದರಲ್ಲಿ "ಆ್ಯಸ್ ಈಸ್" ಅಂತ ಗುರುತು ಹಾಕಿದ್ದರೆ ಆಮೇಲೆ ಏನು ಕೆಟ್ಟರೂ ನಿಮ್ಮದೇ ಖರ್ಚು. ಡೀಲರ್‌ಗೆ ಸಂಬಂಧ ಇಲ್ಲದ ಮೆಕ್ಯಾನಿಕ್ ಹತ್ತಿರ ತೋರಿಸಿ. ನೆಲದ ಮ್ಯಾಟ್ ಎತ್ತಿ ಮೂಸಿ ನೋಡಿ. 2017ರಲ್ಲಿ ಹಾರ್ವೆ ಚಂಡಮಾರುತಕ್ಕೆ ಹ್ಯೂಸ್ಟನ್ ಕಡೆ ಲೆಕ್ಕವಿಲ್ಲದಷ್ಟು ಕಾರು ನೀರಲ್ಲಿ ನಿಂತವು. ಅಂಥವು ಎಲ್ಲೆಲ್ಲೋ ಸುತ್ತಿ ಬರುತ್ತವೆ.

ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕಾರು ಕೊಳ್ಳುವ ಮೊದಲೇ ಕೇಳಿ. ಇಲ್ಲಿ ಓಡಿಸಿದ ಅನುಭವ ಇಲ್ಲದವರಿಗೆ ಜಾಸ್ತಿ ಹಾಕುತ್ತಾರೆ. ಸಾಲದ ಕಾರಾದರೆ ಸಾಲ ಕೊಟ್ಟವರು ಪೂರ್ತಿ ಕವರೇಜ್ ಕೇಳುತ್ತಾರೆ. ಸಾಲ ಇಲ್ಲದಿದ್ದರೂ ಕಾಂಪ್ರಹೆನ್ಸಿವ್ ಬಿಡಬೇಡಿ. ಈ ಕಡೆ ವಸಂತ ಬಂತೆಂದರೆ ಆಲಿಕಲ್ಲು. ನಿಂಬೆಹಣ್ಣಿನ ಗಾತ್ರದ್ದು ಬಿದ್ದಿದ್ದು ನಾನೇ ನೋಡಿದ್ದೇನೆ, ಹತ್ತು ನಿಮಿಷದಲ್ಲಿ ನನ್ನ ಕೆಂಪು ಕಾರು ಇಡ್ಲಿ ತಟ್ಟೆಯ ಹಾಗಾಗಿತ್ತು. ಆಲಿಕಲ್ಲಿನ ನಷ್ಟ ತುಂಬಿಕೊಡೋದು ಕಾಂಪ್ರಹೆನ್ಸಿವ್ ಮಾತ್ರ. ಅಂದ ಹಾಗೆ, ನಾನು ಹೂಂ ಅಂದಿದ್ದರಲ್ಲಿ ಗ್ಯಾಪ್ ಒಂದು ಪೂರ್ತಿ ದಂಡ ಅಲ್ಲ. ಕಾರು ನಜ್ಜುಗುಜ್ಜಾದರೆ ಸಾಲಕ್ಕೂ ಕಾರಿನ ಬೆಲೆಗೂ ಇರುವ ಅಂತರವನ್ನು ಅದು ಕಟ್ಟುತ್ತದೆ. ಆದರೆ ಅದನ್ನೇ ಇನ್ಶೂರೆನ್ಸ್‌ನವರ ಹತ್ತಿರ ಸಾಮಾನ್ಯವಾಗಿ ಅಗ್ಗಕ್ಕೆ ತಗೋಬಹುದು.

ಇನ್ನೊಂದು, ಇದು ಟೆಕ್ಸಸ್‌ನಲ್ಲಿ ಇರುವವರ ಭಾಗ್ಯ. ಇಲ್ಲಿನ ಕಾನೂನಿನಲ್ಲಿ ಡೀಲರ್‌ಗಳು ಶನಿವಾರ, ಭಾನುವಾರ ಎರಡೂ ದಿನ ಕಾರು ಮಾರುವ ಹಾಗಿಲ್ಲ, ಒಂದು ದಿನ ಬಿಡಲೇಬೇಕು. ಶನಿವಾರದ ವ್ಯಾಪಾರ ಬಿಡೋಕೆ ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಬಹುಪಾಲು ಎಲ್ಲರೂ ಮುಚ್ಚೋದು ಭಾನುವಾರ. ಬಾಗಿಲು ಹಾಕಿರುತ್ತಾರೆ, ಕಾರುಗಳು ಮಾತ್ರ ಸಾಲಾಗಿ ಹೊರಗೇ ನಿಂತಿರುತ್ತವೆ. ಎಷ್ಟೋ ಕಡೆ ಬೇಲಿಯೂ ಇರಲ್ಲ. ಆರಾಮಾಗಿ ಓಡಾಡಿ, ಕಿಟಕಿಯ ಮೇಲಿನ ಬೆಲೆಯ ಚೀಟಿ ಓದಿ, ಫೋಟೋ ತೆಗೆದುಕೊಂಡು ಮನೆಗೆ ಬರಬಹುದು. ಸಹಿ ಹಾಕಬೇಕು ಅಂತ ನೀವೇ ಹಟ ಹಿಡಿದರೂ ಕಾಗದ ಕೊಡುವವರು ಇರಲ್ಲ. ಸುಮ್ನೆ ನೋಡಿ ಬರೋಣ ಅನ್ನೋದು ನಿಜವಾಗಿಯೂ ಸುಮ್ನೆ ನೋಡಿ ಬರೋದಾಗಿ ಉಳಿಯೋದು ಆ ಒಂದೇ ದಿನ.

ಸೋಮವಾರ ಅವರು ಫೋನ್ ಮಾಡುತ್ತಾರೆ. ಮ್ಯಾನೇಜರ್ ಹತ್ತಿರ ಜಗಳ ಆಡಿ ಇನ್ನೂ ಸ್ವಲ್ಪ ಇಳಿಸಿದ್ದೇನೆ ಅಂತಲೂ ಹೇಳಬಹುದು. ಮಂಗಳವಾರವೂ ಅದೇ ಆಫರ್ ಇರುತ್ತದೆ, ಗುರುವಾರವೂ ಇರುತ್ತದೆ. ಮುಂದಿನ ಭಾನುವಾರ ಬಿಡುವಿದ್ದರೆ ಹೇಳಿ, ನಾನೂ ಬರುತ್ತೇನೆ, ಇಬ್ಬರೂ ಸೇರಿ ನಾಲ್ಕು ಬಾಗಿಲಿನವು ಎಣಿಸೋಣ. ಅಲ್ಲಿಯವರೆಗೆ ಮಂಗಳವಾರ, ಗುರುವಾರ ನಾನು ಹೋಗೋದು ನಿಮ್ಮ ಮನೆಯ ಕಡೆಯಿಂದಲೇ. ನಿಮ್ಮ ಸಹೋದ್ಯೋಗಿಗೆ ಎರಡು ದಿನ ರಜೆ ಕೊಡಿ. ಏಳೂ ನಲವತ್ತಕ್ಕೆ ಕೆಳಗೆ ಬನ್ನಿ. ಐದು ನಿಮಿಷ ತಡವಾದರೂ ಪರವಾಗಿಲ್ಲ, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಯಾರೂ ಬೂಟು ಹಾಕಿಕೊಂಡು ಕಾಯುತ್ತಿರಲ್ಲ.